ಸದಸ್ಯರೇ ನಡೆಸುವ ಹಳ್ಳಿಯ ಸಮುದಾಯ ಭವನ: ಶ್ರಮದಾನಕ್ಕೆ ಬಾರದವರಿಗೆ ದಂಡ ಹಾಕಬೇಕೇ, ತೇವದ ಗೋಡೆಗೆ ಸಿಮೆಂಟ್ ಬಳಿಯಬೇಕೇ?

ಹೊಸ ಕಾರ್ಯದರ್ಶಿ

ನಮ್ಮ ಹಳ್ಳಿಯ ಸಮುದಾಯ ಭವನವನ್ನು ನಡೆಸುತ್ತಿರುವುದು ಸ್ವಯಂಸೇವಕ ಸದಸ್ಯರ ಒಂದು ಸಂಘ. ಸಂಬಳಕ್ಕೆ ದುಡಿಯುವವರು ಯಾರೂ ಇಲ್ಲ. ಸದಸ್ಯರ ಪಟ್ಟಿ ಸಾಕಷ್ಟು ಉದ್ದವಾಗಿಯೇ ಇದೆ. ಆದರೆ ಬಾಗಿಲು ತೆರೆಯುವುದು, ಕಸ ಗುಡಿಸುವುದು, ಬಾಡಿಗೆಗೆ ದಿನ ಗೊತ್ತು ಮಾಡುವುದು, ಸೋರುವ ನಲ್ಲಿ ಸರಿಪಡಿಸುವುದು, ವಿದ್ಯುತ್ ಬಿಲ್ಲು ಕಟ್ಟುವುದು, ಇವೆಲ್ಲವೂ ಅದೇ ನಾಲ್ಕೈದು ಜನರ ಹೆಗಲ ಮೇಲೆ ಬಿದ್ದಿವೆ. ಕಾರ್ಯದರ್ಶಿಯ ಹೊಣೆ ಇತ್ತೀಚೆಗೆ ನನ್ನ ಪಾಲಿಗೆ ಬಂದಿರುವುದರಿಂದ, ಮುಂದಿನ ಸಾಮಾನ್ಯ ಸಭೆಗೆ ಬರಲಿರುವ ಎರಡು ಸಲಹೆಗಳ ಬಗ್ಗೆ ಅನುಭವಸ್ಥರ ಅಭಿಪ್ರಾಯ ಕೇಳುತ್ತಿದ್ದೇನೆ.

ತಿಂಗಳ ಶ್ರಮದಾನಕ್ಕೆ ಬಾರದ ಸದಸ್ಯರಿಂದ ದಂಡ ವಸೂಲು ಮಾಡಬೇಕೆಂಬುದು ಮೊದಲನೆಯ ಸಲಹೆ. ಎರಡನೆಯದು ಗೋಡೆಯ ವಿಷಯ. ಕಟ್ಟಡ ಹಳೆಯದು, ಇಟ್ಟಿಗೆ ಮತ್ತು ಸುಣ್ಣದ ಗಾರೆಯದು. ಹಿಂಬದಿಯ ಗೋಡೆ ನೆಲದಿಂದ ಸೊಂಟದೆತ್ತರದವರೆಗೆ ತೇವ ಹಿಡಿದು, ಮುಟ್ಟಿದರೆ ಗಿಲಾವು ಪುಡಿಯಾಗಿ ಉದುರುತ್ತಿದೆ. ಕೂಡಿಟ್ಟ ಹಣವನ್ನೆಲ್ಲ ಬಳಸಿ ಒಳಗೂ ಹೊರಗೂ ಸಿಮೆಂಟ್ ಗಿಲಾವು ಮಾಡಿಸಿ, ಅದರ ಮೇಲೆ ನೀರು ತಡೆಯುವ ಬಣ್ಣ ಬಳಿಸಬೇಕೆಂದು ಸಮಿತಿಯಲ್ಲಿ ಹಲವರು ಹೇಳುತ್ತಿದ್ದಾರೆ. ಎರಡಕ್ಕೂ ಬಹುಮತ ಸಿಗುವ ಸಂಭವವಿದೆ. ನನಗೆ ಎರಡರಲ್ಲೂ ಅನುಮಾನವಿದೆ. ಆದರೆ ಸಭೆಯಲ್ಲಿ ಎದ್ದು ನಿಂತು ಬರೀ ಅನುಮಾನ ಹೇಳಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಾಗುತ್ತದೆ. ಕಾರಣ ಕೊಟ್ಟು ಮಾತನಾಡಬೇಕಾಗಿದೆ.

ಖಜಾಂಚಿ

ದಂಡದ ಮಟ್ಟಿಗೆ ನಿಮ್ಮ ಅನುಮಾನ ಸರಿಯಾದದ್ದೇ. ಉರಿ ಗ್ನೀಜಿ ಮತ್ತು ಆಲ್ಡೊ ರುಸ್ಟಿಕಿನಿ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಇಸ್ರೇಲಿನ ಹೈಫಾ ನಗರದ ಹತ್ತು ಶಿಶುವಿಹಾರಗಳಲ್ಲಿ ನಡೆಸಿದ ಅಧ್ಯಯನ 2000ದಲ್ಲಿ ಪ್ರಕಟವಾಯಿತು. ಸಂಜೆ ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ತಂದೆತಾಯಿಯರಿಗೆ ಅವುಗಳಲ್ಲಿ ಕೆಲವು ಕಡೆ ಸಣ್ಣದೊಂದು ದಂಡ ಗೊತ್ತು ಮಾಡಿದರು. ತಡವಾಗಿ ಬರುವವರ ಸಂಖ್ಯೆ ಇಳಿಯಲಿಲ್ಲ, ಹೆಚ್ಚುಕಡಿಮೆ ಇಮ್ಮಡಿಯಾಯಿತು. ಕೆಲವು ವಾರಗಳ ನಂತರ ದಂಡವನ್ನು ತೆಗೆದುಹಾಕಿದಾಗಲೂ ಅದು ಹಳೆಯ ಮಟ್ಟಕ್ಕೆ ಮರಳಲಿಲ್ಲ. ಅಲ್ಲಿಯವರೆಗೆ ಶಿಕ್ಷಕಿಯನ್ನು ಕಾಯಿಸುವುದು ಸಂಕೋಚದ ಸಂಗತಿಯಾಗಿತ್ತು. ದಂಡ ಬಂದ ಮೇಲೆ ಅದು ದುಡ್ಡು ಕೊಟ್ಟು ಪಡೆಯುವ ಸೌಲಭ್ಯವಾಯಿತು.

ಭವನದ ಶ್ರಮದಾನದಲ್ಲೂ ಇದೇ ಆಗುತ್ತದೆ. ಇಂದು ಬಾರದವನಿಗೆ ಎದುರಿಗೆ ಸಿಕ್ಕಾಗ ಸ್ವಲ್ಪವಾದರೂ ಮುಜುಗರವಿದೆ, ಮುಂದಿನ ತಿಂಗಳಾದರೂ ಬಂದೇನೆಂಬ ಮಾತಿದೆ. ದಂಡ ಕಟ್ಟಿದ ಮೇಲೆ ಋಣ ತೀರಿತು. ಇನ್ನೂ ಒಂದು ಅನ್ಯಾಯವಿದೆ: ಅನುಕೂಲಸ್ಥನಿಗೆ ಅದು ಲೆಕ್ಕಕ್ಕೇ ಬಾರದ ಮೊತ್ತ, ಕೂಲಿ ಬಿಟ್ಟು ಬರಲಾಗದವನಿಗೆ ಮಾತ್ರ ನಿಜವಾದ ಹೊರೆ. ಕೊನೆಗೆ ದುಡಿಯುವ ಸದಸ್ಯರು, ಕಟ್ಟುವ ಸದಸ್ಯರು ಎಂದು ಸಂಘ ಎರಡು ಪಾಲಾಗುತ್ತದೆ.

ಬಾರದವರನ್ನು ಸೋಮಾರಿಗಳೆಂದು ಎಣಿಸುವ ಮೊದಲು, ನೀವು ಅವರನ್ನು ಏನೆಂದು ಕರೆಯುತ್ತಿದ್ದೀರಿ ಎಂಬುದನ್ನೂ ನೋಡಬೇಕು. ‘ಭಾನುವಾರ ಶ್ರಮದಾನವಿದೆ, ಎಲ್ಲರೂ ಬನ್ನಿ’ ಎಂಬ ಕರೆಯಲ್ಲಿ ಕೆಲಸ ಯಾವುದು, ಎಷ್ಟು ಹೊತ್ತು, ಯಾವಾಗ ಮುಗಿಯುತ್ತದೆ ಎಂಬ ಒಂದು ವಿವರವೂ ಇಲ್ಲ. ಬಂದವರಲ್ಲಿ ಅರ್ಧ ಜನ ಪೊರಕೆ ಸಿಗದೆ ನಿಂತಿರುತ್ತಾರೆ. ಅದರ ಬದಲು, ‘ಹಿಂಬದಿಯ ಚಾವಣಿಯಂಚಿನ ನೀರುದೋಣಿಯನ್ನು ಮಳೆಗೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ಶುಚಿ ಮಾಡುವುದು; ಇಬ್ಬರು ಬೇಕು, ಒಬ್ಬರು ಏಣಿ ಹಿಡಿಯಬೇಕು; ಅರ್ಧ ದಿನದ ಕೆಲಸ’ ಎಂದು ಬರೆದು, ಮುಂದೆ ಎರಡು ಹೆಸರಿಗೆ ಜಾಗ ಬಿಟ್ಟು ನೋಡಿ. ಕೊನೆ ಕಾಣುವ ಕೆಲಸಕ್ಕೆ ಜನ ಹೆಸರು ಕೊಡುತ್ತಾರೆ.

ಹಳೆಯ ಸದಸ್ಯ

ಮೇಲಿನ ಮಾತನ್ನು ಗೌರವದಿಂದಲೇ ಒಪ್ಪುವುದಿಲ್ಲ. ಬಾರದವರ ಮನಸ್ಸು ನೋಯದಂತೆ ನೋಡಿಕೊಳ್ಳುವ ಭರದಲ್ಲಿ, ಪ್ರತಿ ಸಲ ಬರುವವರ ಮನಸ್ಸನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ. ತಾನು ಗುಡಿಸಿದ ನೆಲದ ಮೇಲೆ, ಒಮ್ಮೆಯೂ ಕಡ್ಡಿ ಅಲ್ಲಾಡಿಸದವನು ಸದಸ್ಯರ ರಿಯಾಯಿತಿ ದರದಲ್ಲಿ ಸಮಾರಂಭ ಮಾಡಿಕೊಂಡು ಹೋಗುವುದನ್ನು ಕಂಡವರು ಎಷ್ಟು ದಿನ ಪೊರಕೆ ಹಿಡಿದಾರು? ನಿಯಮ ಬೇಕು, ಅದನ್ನು ಮುರಿದರೆ ಏನಾದರೂ ಆಗಬೇಕು. ದಂಡ ಬೇಡವೆನ್ನುವವರು ಅದರ ಜಾಗದಲ್ಲಿ ಏನಿಡುತ್ತೀರಿ ಎಂಬುದನ್ನೂ ಹೇಳಬೇಕು. ಕರೆಯೋಲೆಯನ್ನು ಚೆನ್ನಾಗಿ ಬರೆದ ಮಾತ್ರಕ್ಕೆ ಇದು ಬಗೆಹರಿಯುವುದಿಲ್ಲ.

ಗಾರೆ ಕೆಲಸದವರು

ದಂಡದ ಮಾತು ತಿಳಿದವರಿಗೆ ಬಿಟ್ಟು ಗೋಡೆಯ ಮಾತಷ್ಟೇ ಆಡುತ್ತೇನೆ. ದಯವಿಟ್ಟು ಸಿಮೆಂಟ್ ಹಚ್ಚಿಸಬೇಡಿ.

ಸುಣ್ಣದ ಗಾರೆಯಿಂದ ಕಟ್ಟಿದ ಹಳೆಯ ಗೋಡೆ ನೀರನ್ನು ಪೂರ್ತಿ ತಡೆಯುವುದಿಲ್ಲ. ಹೀರಿಕೊಂಡು, ಬಿಸಿಲು ಗಾಳಿ ಬಂದಾಗ ಮೈಯಿಂದಲೇ ಬಿಟ್ಟುಕೊಡುತ್ತದೆ. ಸಂದುಗಳಲ್ಲಿರುವ ಸುಣ್ಣದಲ್ಲಿ ಸಣ್ಣ ಸಣ್ಣ ರಂಧ್ರಗಳಿರುವುದರಿಂದ ಆವಿ ಅಲ್ಲಿಂದ ಸುಲಭವಾಗಿ ಹೊರಬೀಳುತ್ತದೆ. ಅದರ ಮೇಲೆ ಒಳಗೂ ಹೊರಗೂ ಗಟ್ಟಿ ಸಿಮೆಂಟ್ ಬಳಿದರೆ ನೀರು ಬರುವ ದಾರಿ ಹಾಗೆಯೇ ಉಳಿದು, ಹೋಗುವ ದಾರಿ ಮಾತ್ರ ಮುಚ್ಚುತ್ತದೆ. ತೇವವು ಆವಿಯಾಗಲು ಜಾಗ ಹುಡುಕಿಕೊಂಡು ಇನ್ನೂ ಮೇಲೇರುತ್ತದೆ. ನೀರಿನೊಡನೆ ಬಂದ ಲವಣಗಳು ಗಿಲಾವಿನ ಹಿಂದೆ ಹರಳುಗಟ್ಟಿ ಇಟ್ಟಿಗೆಯ ಮುಖವನ್ನೇ ಸಿಡಿಸುತ್ತವೆ. ನೀರು ತಡೆಯುವ ಬಣ್ಣ ಮಾಡುವುದೂ ಅದೇ ಕೆಲಸವನ್ನೇ. ಮೊದಲ ಕೆಲವು ತಿಂಗಳು ಗೋಡೆ ಬಹಳ ಚೆಂದ ಕಾಣುತ್ತದೆ, ಆ ಹೊತ್ತಿಗೆ ಗುತ್ತಿಗೆದಾರ ಹಣ ಪಡೆದು ಹೋಗಿರುತ್ತಾನೆ. ಈಗ ಉದುರುತ್ತಿರುವ ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿ. ಬಿಳಿಯ ಸೂಜಿಯಂಥ ಹರಳುಗಳು ಕಂಡರೆ ಲವಣದ ಕೆಲಸ ಆಗಲೇ ಶುರುವಾಗಿದೆ ಎಂದರ್ಥ.

ಜೋರು ಮಳೆ ಬರುವಾಗ ಕೊಡೆ ಹಿಡಿದು ಆ ಗೋಡೆಯ ಹೊರಗೆ ನಿಂತುಕೊಳ್ಳಿ. ಸಾವಿರ ಊಹೆಗಿಂತ ಅದು ಮೇಲು. ನೀರುದೋಣಿ ಎಲೆ ತುಂಬಿ ಉಕ್ಕುತ್ತಿದೆಯೇ? ಪ್ರತಿ ಮೀಟರಿಗೆ ಎರಡು ಮೂರು ಮಿಲಿಮೀಟರಾದರೂ ಇಳಿಜಾರು ಉಳಿದಿದೆಯೇ, ಅಥವಾ ಕೊಕ್ಕೆ ಸಡಿಲಾಗಿ ನಡುವೆ ತೂಗಿದೆಯೇ? ಇಳಿಕೊಳವೆಯ ಹಿಂಬದಿ ಬಿರುಕು ಬಿಟ್ಟಿದೆಯೇ? ಕೊಳವೆ ಗೋಡೆಗೆ ಒತ್ತಿಕೊಂಡಿದ್ದರೆ ಹಿಂದಿನ ಬಿರುಕು ಮುಂದೆ ನಿಂತವನಿಗೆ ಎಂದೂ ಕಾಣುವುದಿಲ್ಲ. ಒಂದು ಕನ್ನಡಿ ಹಿಡಿದು ನೋಡಬೇಕು. ಕೊನೆಯದಾಗಿ ಹೊರಗಿನ ನೆಲ. ವರ್ಷಗಳ ಕಾಲ ಮಣ್ಣು ಬಿದ್ದು, ಮೇಲೆ ಯಾರೋ ಕಾಂಕ್ರೀಟ್ ಹಾಸಿ, ಹೊರಗಿನ ನೆಲ ಒಳಗಿನ ನೆಲದ ಮಟ್ಟಕ್ಕೇ ಏರಿರುವುದನ್ನು ಇಂಥ ಕಟ್ಟಡಗಳಲ್ಲಿ ಮತ್ತೆ ಮತ್ತೆ ಕಾಣುತ್ತೇವೆ. ಅದು ಕನಿಷ್ಠ 150 ಮಿಲಿಮೀಟರ್ ಕೆಳಗಿರಬೇಕು, ಇಳಿಜಾರು ಗೋಡೆಯಿಂದ ಆಚೆಗಿರಬೇಕು. ಗೋಡೆಗೆ ಅಂಟಿದ ಕಾಂಕ್ರೀಟನ್ನು ಅರ್ಧ ಮೀಟರ್ ಅಗಲಕ್ಕೆ ಒಡೆದು ತೆಗೆದು, ಜಲ್ಲಿ ತುಂಬಿ, ನೀರು ಹರಿದುಹೋಗಲು ದಾರಿ ಮಾಡಿ. ಇಷ್ಟಕ್ಕೆ ಬೇಕಾದದ್ದು ಗುದ್ದಲಿ, ಹಾರೆ, ಏಣಿ ಮತ್ತು ಕೆಲವು ಸದಸ್ಯರು.

ಆಮೇಲೆ ಕಾಯಬೇಕು. ನೀರಿನ ಮೂಲ ನಿಂತ ಮೇಲೆ ಗೋಡೆ ದಪ್ಪದ ಪ್ರತಿ 25 ಮಿಲಿಮೀಟರಿಗೆ ಸುಮಾರು ಒಂದು ತಿಂಗಳು ಒಣಗಲು ಬೇಕೆಂಬುದು ನಮ್ಮ ಕಸುಬಿನವರ ಲೆಕ್ಕ. 225 ಮಿಲಿಮೀಟರ್ ಗೋಡೆಗೆ ಒಂಬತ್ತು ತಿಂಗಳಾಯಿತು. ತೇವದ ಮೇಲಂಚಿನಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು ಪಕ್ಕದಲ್ಲಿ ದಿನಾಂಕ ಬರೆಯಿರಿ, ತಿಂಗಳಿಗೊಂದು ಗೆರೆ. ಗೆರೆಗಳು ಕೆಳಗಿಳಿಯುತ್ತಿದ್ದರೆ ನಿಮ್ಮ ದುರಸ್ತಿ ಸರಿಯಿದೆ. ಪೂರ್ತಿ ಒಣಗಿದ ಮೇಲೆ ಸುಣ್ಣದ ಗಿಲಾವು ಮಾಡಿಸಿ. ಇಳಿಯದಿದ್ದರೆ ಇನ್ನೆಲ್ಲೋ ನೀರು ಬರುತ್ತಿದೆ. ಅದನ್ನು ಹುಡುಕಲು ಕೂಡಿಟ್ಟ ಹಣವಾದರೂ ಕೈಯಲ್ಲಿ ಉಳಿದಿರುತ್ತದೆ. 1877ರಲ್ಲಿ ವಿಲಿಯಂ ಮಾರಿಸ್ ಮತ್ತು ಗೆಳೆಯರು ಇಂಗ್ಲೆಂಡಿನಲ್ಲಿ ಹಳೆಯ ಕಟ್ಟಡಗಳ ರಕ್ಷಣೆಗೆ ಸಂಘ ಕಟ್ಟಿದಾಗ ಹೇಳಿದ್ದೂ ಇದನ್ನೇ: ದೊಡ್ಡ ಜೀರ್ಣೋದ್ಧಾರಕ್ಕೆ ಕೈ ಹಾಕುವ ಬದಲು ದಿನದಿನದ ಆರೈಕೆಯಿಂದ ಸವೆತವನ್ನು ದೂರವಿಡಿ, ಸೋರುವ ಸೂರನ್ನು ಸರಿಪಡಿಸಿ.

ಸಹಕಾರ ವಿಷಯದ ಅಧ್ಯಾಪಕಿ

ಹಳೆಯ ಸದಸ್ಯರು ಕೇಳಿದ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಹಂಚಿಕೊಂಡು ಬಳಸುವ ಆಸ್ತಿಯನ್ನು ಜನರೇ ಹೇಗೆ ಉಳಿಸಿಕೊಂಡು ಬರುತ್ತಾರೆ ಎಂಬುದನ್ನು ಜೀವನಪೂರ್ತಿ ಅಭ್ಯಾಸ ಮಾಡಿ, 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಅವರು ಕೂಡ ನಿಯಮ ಮುರಿದವರಿಗೆ ಏನೂ ಆಗಬಾರದೆಂದು ಹೇಳಲಿಲ್ಲ. ದೀರ್ಘಕಾಲ ಬಾಳಿದ ವ್ಯವಸ್ಥೆಗಳಲ್ಲಿ ಶಿಕ್ಷೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಮೊದಲ ಮೆಟ್ಟಿಲು ತೀರ ಚಿಕ್ಕದಾಗಿರುತ್ತದೆ ಎಂಬುದನ್ನು ಅವರು ತೋರಿಸಿದರು. ಮೇಲುಸ್ತುವಾರಿ ನೋಡುವವರು ಹೊರಗಿನವರಲ್ಲ, ಬಳಸುವವರೇ ಅಥವಾ ಬಳಸುವವರಿಗೆ ಉತ್ತರ ಹೇಳಬೇಕಾದವರು. ಇನ್ನೊಂದು, ಪಡೆಯುವ ಅನುಕೂಲಕ್ಕೂ ಕೊಡುವ ದುಡಿಮೆಗೂ ಒಂದು ಹೊಂದಾಣಿಕೆ ಇರುತ್ತದೆ. ಅವರು ಉದಾಹರಿಸಿದ ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಎಂಬ ಹಳ್ಳಿಯಲ್ಲಿ, ಚಳಿಗಾಲದಲ್ಲಿ ತಾನು ಮೇವು ಹಾಕಿ ಸಾಕಬಲ್ಲಷ್ಟು ಹಸುಗಳನ್ನು ಮಾತ್ರ ಬೇಸಿಗೆಯಲ್ಲಿ ಊರ ಬೆಟ್ಟದ ಹುಲ್ಲುಗಾವಲಿಗೆ ಬಿಡಬಹುದೆಂಬ ನಿಯಮ 1517ರಷ್ಟು ಹಿಂದೆಯೇ ಇತ್ತು.

ಇದನ್ನು ಭವನಕ್ಕೆ ಹೊಂದಿಸಿದರೆ ದಂಡದ ಜಾಗದಲ್ಲಿ ಏನಿಡಬಹುದೆಂಬುದು ಸಿಗುತ್ತದೆ. ರಿಯಾಯಿತಿ ದರವು ಚಂದಾ ಕಟ್ಟಿದ್ದಕ್ಕೆ ಸಿಗುವುದು ಬೇಡ; ವರ್ಷದಲ್ಲಿ ಪಟ್ಟಿಯೊಳಗಿನ ಯಾವುದಾದರೂ ಒಂದು ಕೆಲಸಕ್ಕೆ ಹೆಸರು ಕೊಟ್ಟು ಮುಗಿಸಿದವರಿಗೆ ಸಿಗಲಿ. ಮಾಡದವರು ಸದಸ್ಯರಾಗಿಯೇ ಇರಲಿ, ಮತ ಹಾಕಲಿ, ಭವನವನ್ನು ಎಲ್ಲರಂತೆ ಪೂರ್ಣ ದರ ಕೊಟ್ಟು ಪಡೆಯಲಿ. ಹೆಸರು ಕೊಟ್ಟೂ ಬಾರದವರಿಗೆ ಮೊದಲು ಒಂದು ಫೋನು, ಆಮೇಲೆ ಒಂದು ಪತ್ರ, ಅದಾದ ಮೇಲೆ ಆ ವರ್ಷದ ರಿಯಾಯಿತಿ ಇಲ್ಲ. ಇಲ್ಲಿ ಹಣ ಕೊಟ್ಟು ಹೊಣೆಯಿಂದ ಬಿಡಿಸಿಕೊಳ್ಳುವ ದಾರಿಯೇ ಇಲ್ಲವಾದ್ದರಿಂದ ಖಜಾಂಚಿಯವರು ಹೇಳಿದ ತೊಡಕೂ ಬರುವುದಿಲ್ಲ. ಪಟ್ಟಿಯಲ್ಲಿ ಏಣಿ ಹತ್ತುವ ಕೆಲಸ ಮಾತ್ರ ಇರದಂತೆ ನೋಡಿಕೊಳ್ಳಿ. ಬಾಡಿಗೆ ಪುಸ್ತಕ ಬರೆಯುವುದು, ಫೋನಿಗೆ ಉತ್ತರಿಸುವುದು, ಪರದೆ ಹೊಲಿಯುವುದು, ಲೆಕ್ಕ ಪರಿಶೀಲಿಸುವುದು, ಇವೂ ಅಷ್ಟೇ ತೂಕದ ಕೆಲಸಗಳು. ವಯಸ್ಸಾದವರೂ ದೂರದಲ್ಲಿರುವವರೂ ಮಾಡಬಹುದಾದವು.

ವಿದ್ಯುತ್ ಕೆಲಸದವರು

ಗೋಡೆಯ ಚರ್ಚೆಯಲ್ಲಿ ಒಂದು ಸಂಗತಿ ಬಿಟ್ಟುಹೋಗಿದೆ. ತೇವ ಹಿಡಿದ ಆ ಗೋಡೆಯಲ್ಲಿ ಸಾಕೆಟ್ಟುಗಳಿದ್ದರೆ, ಗೋಡೆ ಒಣಗುವವರೆಗೆ ಅವುಗಳ ಸಂಪರ್ಕವನ್ನು ಪರವಾನಗಿ ಇರುವ ಎಲೆಕ್ಟ್ರೀಷಿಯನ್ನಿಂದ ತೆಗೆಸಿ. ಇದು ಶ್ರಮದಾನದ ಕೆಲಸವಲ್ಲ. ಸೋರುವಿಕೆಯ ಕರೆಂಟನ್ನು ಗುರುತಿಸಿ ಸಂಪರ್ಕ ಕಡಿಯುವ 30 ಮಿಲಿಆಂಪಿಯರ್ ಸಾಧನ ಫಲಕದಲ್ಲಿದೆಯೇ ನೋಡಿ. ಇದ್ದರೆ ಅದರ ಪರೀಕ್ಷಾ ಗುಂಡಿಯನ್ನು ತಯಾರಕರು ಹೇಳಿದ ಅವಧಿಗೊಮ್ಮೆ ಒತ್ತುವುದು ಯಾರಾದರೊಬ್ಬರ ಹೆಸರಿನಲ್ಲಿರಲಿ. ಒತ್ತಿದಾಗ ಸಂಪರ್ಕ ಕಡಿಯದಿದ್ದರೆ ಅದು ಇದ್ದೂ ಇಲ್ಲದಂತೆ.

ಬಾಗಿಲುಗಳ ಬಗ್ಗೆಯೂ ಹೇಳಬೇಕು. 1883ರ ಜೂನ್ 16ರಂದು ಇಂಗ್ಲೆಂಡಿನ ಸಂಡರ್‌ಲೆಂಡ್ ಊರಿನ ವಿಕ್ಟೋರಿಯಾ ಹಾಲ್‌ನಲ್ಲಿ ಮಕ್ಕಳ ಪ್ರದರ್ಶನವೊಂದು ಮುಗಿದಾಗ, ಮೆಟ್ಟಿಲಿನ ಕೆಳಗಿನ ಬಾಗಿಲಿಗೆ ಒಬ್ಬರು ಮಾತ್ರ ನುಸುಳುವಷ್ಟು ಸಂದು ಬಿಟ್ಟು ಅಗುಳಿ ಹಾಕಲಾಗಿತ್ತು. ಬಾಗಿಲು ಒಳಮುಖವಾಗಿ ತೆರೆಯುವಂಥದು. ಹಿಂದಿನಿಂದ ಒತ್ತಿ ಬಂದ ಗುಂಪಿನಲ್ಲಿ 183 ಮಕ್ಕಳು ಉಸಿರುಕಟ್ಟಿ ಸತ್ತರು. ಅಲ್ಲಿ ಬೆಂಕಿ ಬಿದ್ದಿರಲಿಲ್ಲ, ಗೋಡೆ ಕುಸಿದಿರಲಿಲ್ಲ. ಒಳಗಿನಿಂದ ತಳ್ಳಿದ ಕೂಡಲೇ ತೆರೆದುಕೊಳ್ಳುವ ಅಡ್ಡಪಟ್ಟಿಯ ಅಗುಳಿಗೆ 1892ರಲ್ಲಿ ಪೇಟೆಂಟ್ ದೊರೆಯಿತು. ಅದರ ಹಿಂದೆ ಈ ದುರಂತವೂ ಇತ್ತು. ನಿಮ್ಮ ಭವನದ ಹಿಂಬಾಗಿಲು ಹೊರಮುಖವಾಗಿ ತೆರೆಯುತ್ತದೆಯೇ, ಕಾರ್ಯಕ್ರಮದ ಹೊತ್ತಿನಲ್ಲಿ ಅದಕ್ಕೆ ಬೀಗವಿರುತ್ತದೆಯೇ, ಅದರ ಮುಂದೆ ಕುರ್ಚಿಗಳನ್ನು ಪೇರಿಸಿಡುವ ಅಭ್ಯಾಸವಿದೆಯೇ, ಇವು ಮೂರನ್ನೂ ಈ ವಾರವೇ ನೋಡಿ. ಒಳಗೆ ಎಷ್ಟು ಜನ ಇರಬಹುದು ಎಂಬುದನ್ನು ಕುರ್ಚಿಗಳ ಸಂಖ್ಯೆಯ ಮೇಲಲ್ಲ, ಬಾಗಿಲುಗಳ ಅಗಲದ ಮೇಲೆ ಗೊತ್ತು ಮಾಡಿಸಿ ಬಾಡಿಗೆ ಕರಾರಿನಲ್ಲೇ ಬರೆಯಿರಿ.

ಹೊಸ ಕಾರ್ಯದರ್ಶಿ

ಎಲ್ಲರಿಗೂ ಧನ್ಯವಾದ. ಹಿಂಬಾಗಿಲಿನ ಮುಂದೆ ಕುರ್ಚಿಗಳಿದ್ದವು, ತೆಗೆಸಿದ್ದೇವೆ. ಹೊರಗಿನ ನೆಲ ನಿಜಕ್ಕೂ ಒಳಗಿನ ನೆಲದ ಮಟ್ಟಕ್ಕೇ ಇದೆ. ಗೋಡೆಯ ಕೆಲಸ ಇಷ್ಟು ಕಡಿಮೆ ಖರ್ಚಿನಲ್ಲಿ ಮುಗಿಯುವುದಾದರೆ, ಉಳಿದ ಹಣದಿಂದ ಹೊಸ ಕುರ್ಚಿ, ಧ್ವನಿವರ್ಧಕ ಕೊಳ್ಳೋಣವೆಂಬ ಮಾತು ಆಗಲೇ ಹುಟ್ಟಿದೆ. ಈಗಿರುವ ಧ್ವನಿವರ್ಧಕದಲ್ಲಿ ಮಾತು ಸ್ಪಷ್ಟವಾಗಿ ಕೇಳುವುದಿಲ್ಲವೆಂದು ಬಾಡಿಗೆದಾರರು ದೂರುತ್ತಿರುವುದೂ ನಿಜ.

ಖಜಾಂಚಿ

ಆ ಹಣ ಉಳಿದದ್ದಲ್ಲ, ಮುಂದೆ ಕೊಡಬೇಕಾದದ್ದು. ಕಟ್ಟಡದ ಒಂದೊಂದು ಭಾಗಕ್ಕೂ ಆಯುಸ್ಸಿದೆ. ಚಾವಣಿಗೆ ಇನ್ನು ಹತ್ತು ವರ್ಷ ಉಳಿದಿದೆ ಎಂದು ತಿಳಿದವರು ಹೇಳಿದರೆ, ಅದನ್ನು ಬದಲಿಸುವ ಖರ್ಚಿನ ಹತ್ತನೇ ಒಂದು ಪಾಲು ಈ ವರ್ಷದ ಖರ್ಚೇ; ಬಿಲ್ಲು ಮಾತ್ರ ಇನ್ನೂ ಬಂದಿಲ್ಲ. ನೆಲ, ನೀರಿನ ಪಂಪು, ವಿದ್ಯುತ್ ಜಾಲ, ಶೌಚಾಲಯ, ಹೀಗೆ ಒಂದೊಂದಕ್ಕೂ ಇದೇ ರೀತಿ ಬರೆದು ಕೂಡಿದರೆ ವರ್ಷಕ್ಕೆ ದುರಸ್ತಿ ನಿಧಿಗೆ ಹಾಕಬೇಕಾದ ಮೊತ್ತ ತಿಳಿಯುತ್ತದೆ. ಆ ನಿಧಿ ಬೇರೆ ಖಾತೆಯಲ್ಲಿರಲಿ, ಅದರಿಂದ ಹಣ ತೆಗೆಯಲು ಸಾಮಾನ್ಯ ಸಭೆಯ ಒಪ್ಪಿಗೆ ಬೇಕೆಂದು ನಿಯಮ ಮಾಡಿ. ದಿನದ ಖಾತೆಯಲ್ಲಿ ಮೂರರಿಂದ ಆರು ತಿಂಗಳ ಖರ್ಚಿಗಾಗುವಷ್ಟು ಇದ್ದರೆ ಸಾಕು.

ಬಾಡಿಗೆ ದರವನ್ನೂ ಇಲ್ಲಿಂದಲೇ ಕಟ್ಟಬೇಕು. ವರ್ಷದ ನಡೆಸುವ ಖರ್ಚಿಗೆ ದುರಸ್ತಿಯ ಪಾಲನ್ನು ಸೇರಿಸಿ, ಭವನ ನಿಜವಾಗಿ ಬಳಕೆಯಾಗುವ ಗಂಟೆಗಳಿಂದ ಭಾಗಿಸಿ. ವಾರಕ್ಕೆ ಹತ್ತು ಗಂಟೆ ಬಳಕೆಯಾಗುವ ಭವನಕ್ಕೆ ವರ್ಷಕ್ಕೆ 520 ಗಂಟೆ. ಬಳಕೆಯಾಗಬಹುದಾದ ಗಂಟೆಗಳಿಂದ ಭಾಗಿಸಿ ದರ ಇಳಿಸುವವರು ಖಾಲಿ ದಿನಗಳ ಖರ್ಚನ್ನು ಮುಂದಿನ ಸಮಿತಿಯ ತಲೆಗೆ ಕಟ್ಟುತ್ತಾರೆ. ಸದಸ್ಯರಿಗೆ ಎಷ್ಟೇ ರಿಯಾಯಿತಿ ಕೊಟ್ಟರೂ ವಿದ್ಯುತ್, ನೀರು, ಶುಚಿಯ ಖರ್ಚಿಗಿಂತ ದರ ಕೆಳಗಿಳಿಯಬಾರದು. ಯಾರಾದರೂ ದುಬಾರಿ ಯಂತ್ರವೊಂದನ್ನು ದಾನ ಕೊಡಲು ಮುಂದೆ ಬಂದರೆ, ಅದನ್ನು ಸಾಕುವ ಖರ್ಚು ಯಾರದೆಂದು ಕೇಳಿದ ಮೇಲೆಯೇ ಕೈ ಮುಗಿಯಿರಿ.

ಧ್ವನಿ ವ್ಯವಸ್ಥೆಯವರು

ಮಾತು ಕೇಳದಿರುವುದಕ್ಕೆ ಕಾರಣ ಧ್ವನಿವರ್ಧಕವೇ ಎಂದು ನನಗನಿಸುವುದಿಲ್ಲ. ಬರಿಗೋಡೆ, ಗಟ್ಟಿ ನೆಲ, ಎತ್ತರದ ಚಾವಣಿ ಇರುವ ಕೋಣೆಯಲ್ಲಿ ಒಂದು ಪದ ಅಳಿಯುವ ಮೊದಲೇ ಮುಂದಿನದು ಬಂದು ಅದರ ಮೇಲೆ ಬೀಳುತ್ತದೆ. ಸದ್ದು ಹೆಚ್ಚಿಸಿದರೆ ಗದ್ದಲ ಹೆಚ್ಚುತ್ತದೆ, ಅಷ್ಟೆ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಉಪನ್ಯಾಸ ಸಭಾಂಗಣದಲ್ಲಿ ಇದೇ ತೊಂದರೆ ಎದುರಾಗಿ, ವಾಲೆಸ್ ಸಬೈನ್ ಎಂಬ ಯುವ ಅಧ್ಯಾಪಕರಿಗೆ ಪರಿಹಾರ ಹುಡುಕಲು ಹೇಳಿದರು. ಅಲ್ಲಿ ಒಂದು ಸದ್ದು ಅಳಿಯಲು ಐದು ಸೆಕೆಂಡಿಗೂ ಹೆಚ್ಚು ಹಿಡಿಯುತ್ತಿತ್ತು. ಸಬೈನ್ ರಾತ್ರಿಗಳಲ್ಲಿ ಹತ್ತಿರದ ರಂಗಮಂದಿರದ ಕುರ್ಚಿ ಮೆತ್ತೆಗಳನ್ನು ತಂದು ಜೋಡಿಸುತ್ತ, ಎಷ್ಟು ಮೆತ್ತೆಗೆ ಎಷ್ಟು ಕಡಿಮೆಯಾಗುತ್ತದೆಂದು ಅಳೆದರು. ಇಂದಿಗೂ ಬಳಸುವ ಸೂತ್ರ ಅಲ್ಲಿಂದ ಬಂದದ್ದು: ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ, ಒಟ್ಟು ಹೀರಿಕೆಯಿಂದ, ಅಂದರೆ ಒಂದೊಂದು ಮೈಯ ಚದರ ಮೀಟರುಗಳನ್ನು ಅದು ಸದ್ದು ಹೀರುವ ಪಾಲಿನಿಂದ ಗುಣಿಸಿ ಕೂಡಿದ ಮೊತ್ತದಿಂದ, ಭಾಗಿಸುವುದು.

15 ಮೀಟರ್ ಉದ್ದ, 10 ಮೀಟರ್ ಅಗಲ, 4 ಮೀಟರ್ ಎತ್ತರದ ಖಾಲಿ ಸಭಾಂಗಣವನ್ನು ತೆಗೆದುಕೊಳ್ಳಿ. ಅದರ ಹೀರಿಕೆ 40 ಘಟಕವಿದ್ದರೆ ಸದ್ದು ಅಳಿಯಲು 2.4 ಸೆಕೆಂಡು. ಅರ್ಧದಷ್ಟು ಸದ್ದನ್ನು ಹೀರಬಲ್ಲ ದಪ್ಪ ಪರದೆಯನ್ನು 50 ಚದರ ಮೀಟರಿನಷ್ಟು, ನೆರಿಗೆ ಬಿಟ್ಟು, ಗೋಡೆಯಿಂದ ಸ್ವಲ್ಪ ಮುಂದಕ್ಕೆ ಕಟ್ಟಿದರೆ ಅದು ಸುಮಾರು 1.5 ಸೆಕೆಂಡಿಗೆ ಇಳಿಯುತ್ತದೆ. ಮಾತಿಗೆ ಒಂದು ಸೆಕೆಂಡಿನ ಆಸುಪಾಸು ಒಳ್ಳೆಯದು; ಜನ ಬಂದು ಕುಳಿತರೆ ಅವರೇ ಉಳಿದದ್ದನ್ನು ಹೀರುತ್ತಾರೆ. ತೇವದ ಗೋಡೆಗೆ ಮಾತ್ರ ಈಗಲೇ ಪರದೆ ಬೇಡ, ಬೂಷ್ಟು ಹಿಡಿಯುತ್ತದೆ. ಧ್ವನಿವರ್ಧಕ ಕೊಳ್ಳುವುದನ್ನು ಇದಾದ ಮೇಲೆ ಯೋಚಿಸಿ.

ಹಳೆಯ ಸದಸ್ಯ

ರಿಯಾಯಿತಿಯನ್ನು ಕೆಲಸಕ್ಕೆ ಹೊಂದಿಸುವ ಸಲಹೆ ನನಗೆ ಒಪ್ಪಿಗೆ. ಆದರೂ ಕೇಳುತ್ತೇನೆ: ಬಾಡಿಗೆ ದರ ಸರಿಪಡಿಸಿದ ಮೇಲೆ, ಸಂಬಳ ಕೊಟ್ಟು ಒಬ್ಬ ಮೇಲ್ವಿಚಾರಕನನ್ನು ಇಟ್ಟುಕೊಂಡರೆ ಈ ಪಟ್ಟಿ, ಫೋನು, ಪತ್ರಗಳ ಗೋಜೇ ಇರುವುದಿಲ್ಲವಲ್ಲ?

ಮಾಜಿ ಅಧ್ಯಕ್ಷೆ

ಶುಚಿಯ ಕೆಲಸಕ್ಕೆ ಹಣ ಕೊಡುವುದರಲ್ಲಿ ತಪ್ಪೇನೂ ಇಲ್ಲ. ಕೊಟ್ಟರೆ ಸರಿಯಾದ ಕೂಲಿ ಕೊಡಿ, ಉದ್ಯೋಗದಾತರ ಹೊಣೆಗಳನ್ನೂ ಹೊತ್ತುಕೊಳ್ಳಿ. ಆದರೆ ಕಟ್ಟಡದ ತಿಳಿವಳಿಕೆಯನ್ನು ಒಬ್ಬನಿಗೆ ಗುತ್ತಿಗೆ ಕೊಟ್ಟರೆ, ಆತ ಕೆಲಸ ಬಿಟ್ಟ ದಿನ ಸಂಘ ಕುರುಡಾಗುತ್ತದೆ. ಸಂಬಳವಿಲ್ಲದ ಒಬ್ಬರೇ ಎಲ್ಲವನ್ನೂ ನೋಡಿಕೊಳ್ಳುವ ಕಡೆಯೂ ಇದೇ ಅಪಾಯವಿದೆ. ಇಪ್ಪತ್ತು ವರ್ಷ ಬೀಗದ ಕೈಯನ್ನು ಸೊಂಟದಲ್ಲಿಟ್ಟುಕೊಂಡ ಹಿರಿಯರನ್ನು ಊರು ಹೊಗಳುತ್ತದೆ, ಅವರು ಹಾಸಿಗೆ ಹಿಡಿದಾಗ ನೀರಿನ ಮುಖ್ಯ ತಿರುಪು ಎಲ್ಲಿದೆಯೆಂದು ಯಾರಿಗೂ ಗೊತ್ತಿರುವುದಿಲ್ಲ. ಇಂಥ ನಿಷ್ಠೆಯನ್ನು ನಾನು ಗೌರವಿಸುತ್ತೇನೆ, ಆದರೆ ವ್ಯವಸ್ಥೆಯಾಗಿ ಅದು ಕೆಟ್ಟದ್ದು.

ನಾನು ಕಂಡಂತೆ ಪದಾಧಿಕಾರ ಬದಲಾದಾಗ ಸಿಕ್ಕಿಕೊಳ್ಳುವುದು ಮೂರು: ಬೀಗದ ಕೈ, ಬ್ಯಾಂಕಿನ ಸಹಿ, ಪಾಸ್‌ವರ್ಡು. ಎಷ್ಟೋ ಸಂಘಗಳ ಖಾತೆಗಳಲ್ಲಿ ಊರು ಬಿಟ್ಟವರ, ತೀರಿಹೋದವರ ಸಹಿಯೇ ಇನ್ನೂ ಚಾಲ್ತಿಯಲ್ಲಿರುತ್ತದೆ. ಹೊಸಬರು ಆಯ್ಕೆಯಾದ ಸಭೆಯ ನಡಾವಳಿಯಲ್ಲೇ ಸಹಿ ಬದಲಾವಣೆಯ ನಿರ್ಣಯವನ್ನು ಬರೆಯಿರಿ. ಯಾವ ಪಾವತಿಗೂ ಇಬ್ಬರ ಒಪ್ಪಿಗೆ ಬೇಕು, ಆ ಇಬ್ಬರು ಒಂದೇ ಮನೆಯವರಾಗಿರಬಾರದು. ಬೀಗದ ಕೈಗಳಿಗೆ ಸಂಖ್ಯೆ ಕೆತ್ತಿಸಿ, ಯಾವ ಸಂಖ್ಯೆ ಯಾರ ಬಳಿ ಇದೆ ಎಂಬುದಕ್ಕೆ ಸಹಿ ಪಡೆದು ಪುಸ್ತಕದಲ್ಲಿಡಿ. ಪದಾವಧಿ ಮೂರು ವರ್ಷವಿರಲಿ, ಪ್ರತಿ ವರ್ಷ ಮೂರನೇ ಒಂದು ಭಾಗ ಮಾತ್ರ ನಿವೃತ್ತರಾಗಲಿ. ಆಗ ಎಲ್ಲರೂ ಹೊಸಬರಾಗಿರುವ ಸಮಿತಿ ಎಂದೂ ಬರುವುದಿಲ್ಲ.

ಇವೆಲ್ಲಕ್ಕಿಂತ ಕಟ್ಟಡದ ಪುಸ್ತಕ ಮುಖ್ಯ. ನೀರಿನ ತಿರುಪು, ಮುಖ್ಯ ಸ್ವಿಚ್ಚು, ಒಳಚರಂಡಿಯ ಮುಚ್ಚಳಗಳ ಜಾಗ ತೋರಿಸುವ ಕೈಬರಹದ ನಕ್ಷೆ. ಯಾವ ದುರಸ್ತಿ ಯಾವಾಗ, ಯಾರಿಂದ, ಎಷ್ಟಕ್ಕೆ ಆಯಿತೆಂಬ ದಾಖಲೆ. ಗಾರೆಯವರು ಹೇಳಿದ ಪೆನ್ಸಿಲ್ ಗೆರೆಗಳ ದಿನಾಂಕ ಮತ್ತು ಎತ್ತರ ಕೂಡ. ವಿಮೆಯ ಪಾಲಿಸಿಯೂ ಅದರಲ್ಲಿರಲಿ. ಭವನ ಬಹಳ ದಿನ ಮುಚ್ಚಿದ್ದರೆ ರಕ್ಷಣೆ ಕಡಿತವಾಗುವ ಷರತ್ತು, ಸ್ವಯಂಸೇವಕರಿಗೆ ಗಾಯವಾದರೆ ಅನ್ವಯಿಸುತ್ತದೆಯೇ ಎಂಬ ಷರತ್ತು, ಎರಡನ್ನೂ ಗುರುತು ಹಾಕಿಡಿ. ಒಂದು ವೇಳೆ ನಿಮ್ಮ ಸಂಘ ನೋಂದಣಿಯಾಗಿಲ್ಲದಿದ್ದರೆ ವಕೀಲರನ್ನು ಕಾಣಿ. ಅನೇಕ ದೇಶಗಳ ಕಾನೂನಿನಲ್ಲಿ ನೋಂದಣಿಯಿಲ್ಲದ ಗುಂಪಿಗೆ ಸ್ವಂತ ಅಸ್ತಿತ್ವವೇ ಇಲ್ಲ. ಕರಾರಿಗೆ ಸಹಿ ಹಾಕಿದವರೇ ವೈಯಕ್ತಿಕವಾಗಿ ಹೊಣೆಗಾರರಾಗುತ್ತಾರೆ.

ಹೊಸ ಕಾರ್ಯದರ್ಶಿ

ಒಂದೇ ಪ್ರಶ್ನೆ ಉಳಿದಿದೆ. ಸಲಹೆ ತಂದವರು ವರ್ಷಗಳಿಂದ ದುಡಿದವರು. ಅವರ ಎರಡೂ ಸಲಹೆಗಳನ್ನು ಸಭೆಯಲ್ಲಿ ತಳ್ಳಿಹಾಕಿದರೆ ಆ ನಾಲ್ಕೈದು ಜನರೂ ಕೈ ಬಿಟ್ಟಾರೆಂಬ ಭಯವಿದೆ. ಇನ್ನು ಬಾಡಿಗೆಯ ದಿನಕ್ಕೆ ಇಬ್ಬರು ಪಟ್ಟು ಹಿಡಿದಾಗ ಆಗುವ ಜಗಳಗಳಂತೂ ಕಾರ್ಯದರ್ಶಿಯ ಮನೆ ಬಾಗಿಲಿಗೇ ಬರುತ್ತಿವೆ.

ಸಹಕಾರ ವಿಷಯದ ಅಧ್ಯಾಪಕಿ

ಜಗಳದ ಬಗ್ಗೆ ಮಾತ್ರ ಹೇಳುತ್ತೇನೆ. ಸ್ಪೇನಿನ ವೆಲೆನ್ಸಿಯಾದಲ್ಲಿ ಕಾಲುವೆ ನೀರಿನ ವ್ಯಾಜ್ಯಗಳನ್ನು ತೀರ್ಮಾನಿಸುವ ರೈತರ ನ್ಯಾಯಮಂಡಳಿ ಪ್ರತಿ ಗುರುವಾರ ಪ್ರಧಾನ ಚರ್ಚಿನ ಬಾಗಿಲಲ್ಲಿ ಸೇರುತ್ತದೆ. ವಿಚಾರಣೆ ಎಲ್ಲರೆದುರು, ಬಾಯಿಮಾತಿನಲ್ಲೇ ನಡೆಯುತ್ತದೆ. ನಿಮಗೂ ಗೊತ್ತಾದ ದಿನ, ಗೊತ್ತಾದ ಜಾಗ, ಪದಾಧಿಕಾರಿಗಳಲ್ಲದ ಮೂವರು ಸಾಕು. ಆಗ ವ್ಯಾಜ್ಯ ಮನೆ ಬಾಗಿಲಿಗೆ ಬರುವುದಿಲ್ಲ.

ಮಾಜಿ ಅಧ್ಯಕ್ಷೆ

ತಳ್ಳಿಹಾಕುವ ಅಗತ್ಯವಿಲ್ಲ. ಗೋಡೆಯ ಸಲಹೆಯನ್ನು ಎರಡು ಹಂತವಾಗಿ ಒಡೆಯಿರಿ: ನೀರುದೋಣಿ, ಕೊಳವೆ, ಹೊರಗಿನ ನೆಲದ ಕೆಲಸ ಈಗ, ಗಿಲಾವಿನ ತೀರ್ಮಾನ ಗೋಡೆ ಒಣಗಿದ ಮೇಲೆ, ಇಂಥ ತಿಂಗಳ ಸಭೆಯಲ್ಲಿ. ಮೊದಲ ಹಂತದ ಉಸ್ತುವಾರಿಯನ್ನು ಸಲಹೆ ತಂದವರಿಗೇ ವಹಿಸಿ. ಅವರೇ ಗೆರೆ ಎಳೆಯಲಿ. ದಂಡದ ಸಲಹೆಗೆ ತಿದ್ದುಪಡಿಯಾಗಿ ರಿಯಾಯಿತಿಯ ನಿಯಮವನ್ನು ಮಂಡಿಸಲು ಹಳೆಯ ಸದಸ್ಯರಂಥವರೊಬ್ಬರನ್ನು ಕೇಳಿಕೊಳ್ಳಿ. ಮೊದಲು ದಂಡ ಬೇಕೆಂದವರ ಬಾಯಿಂದ ಬಂದರೆ ಅದಕ್ಕೆ ತೂಕ ಹೆಚ್ಚು. ನಿಯಮ ತಿದ್ದುಪಡಿಗೆ ನಿಮ್ಮ ಉಪವಿಧಿಯಲ್ಲಿ ಎಷ್ಟು ದಿನಗಳ ಮುಂಚಿನ ನೋಟಿಸು, ಎಷ್ಟು ಪಾಲು ಮತ ಬೇಕೆಂದಿದೆಯೋ ಮೊದಲೇ ಓದಿಕೊಳ್ಳಿ. ಕೋರಂ ಆಗದೆ, ಅಂದರೆ ಬೇಕಾದಷ್ಟು ಸದಸ್ಯರು ಬಾರದೆ, ಸಭೆ ಮುಂದೂಡಿದರೆ ಅದೇ ವಿಷಯಗಳನ್ನು ಎಷ್ಟು ಜನರಿದ್ದರೆ ತೀರ್ಮಾನಿಸಬಹುದು ಎಂಬುದನ್ನೂ. ಕೆಲಸಗಳ ಪಟ್ಟಿಯನ್ನು ಸಭೆಯ ದಿನ ಬಾಗಿಲ ಬಳಿಯ ಮೇಜಿನ ಮೇಲೆ ಪೆನ್ನಿನೊಂದಿಗೆ ಇಡಿ, ಸಭೆ ಶುರುವಾಗುವುದಕ್ಕೆ ಮುಂಚೆಯೇ. ಸಭೆ ಮುಗಿದ ಮೇಲೆ ಯಾರೂ ನಿಲ್ಲುವುದಿಲ್ಲ.